ಯುದ್ಧದ ಕ್ರೌರ್ಯವನ್ನು ರಬ್ಬಿಗಳ ವ್ಯಾಖ್ಯಾನ ತಡೆದೀತೇ?

ಪರ

ಖಂಡಿತ ತಡೆಯುತ್ತದೆ. ಇಸ್ರೇಲ್ಯರು ಗೆಲ್ಲಲು ಹೊರಟ ಕಾನಾನ್ ನಾಡಿನ ಜನಾಂಗಗಳಲ್ಲಿ ಒಂದು ಜೀವವನ್ನೂ ಉಳಿಸಬೇಡಿ ಎಂಬ ಆಜ್ಞೆ ಯಹೂದಿಗಳ ಧರ್ಮಗ್ರಂಥವಾದ ಹೀಬ್ರೂ ಬೈಬಲ್‌ನಲ್ಲಿದೆ. ಅದನ್ನು ಓದಿದವರು ಕ್ರೂರ ಧರ್ಮ ಎಂದು ಪುಸ್ತಕ ಮುಚ್ಚಿಡುತ್ತಾರೆ. ಆದರೆ ಯಹೂದಿ ಪರಂಪರೆ ಆ ಮಾತನ್ನು ರಬ್ಬಿಗಳ, ಅಂದರೆ ತನ್ನ ಧರ್ಮಗುರುಗಳ, ಜೊತೆ ಕೂತೇ ಓದಿದೆ. ಅದನ್ನು ಮರೆತರೆ ಹೇಗೆ?

ರಬ್ಬಿಗಳ ಮಾತುಗಳ ಹಳೆಯ ಸಂಗ್ರಹವಾದ ಮಿಷ್ನಾದಲ್ಲಿ ಒಂದು ಪ್ರಸಂಗ ಬರುತ್ತದೆ. ಇಸ್ರೇಲಿನ ನೆರೆಯ ಅಮ್ಮೋನ್ ಜನಾಂಗದವನಾದ ಯೆಹೂದ ಎಂಬೊಬ್ಬ ಯಹೂದಿ ಧರ್ಮಕ್ಕೆ ಸೇರಿದ್ದ. ಅಧ್ಯಯನ ಶಾಲೆಯಲ್ಲಿ ಎದ್ದು ನಿಂತು, ನಾನು ನಿಮ್ಮ ಸಭೆಗೆ ಸೇರಬಹುದಾ ಎಂದು ಕೇಳಿದ. ರಬ್ಬಾನ್ ಗಮ್ಲಿಯೇಲ್ ಆಗದು ಎಂದರು. ಅಮ್ಮೋನಿಯರಿಗೆ ಪ್ರವೇಶವಿಲ್ಲ ಎಂದು ಗ್ರಂಥವೇ ಹೇಳುತ್ತದಲ್ಲ! ರಬ್ಬಿ ಯೆಹೋಶುವ ಬಿಡಲಿಲ್ಲ. ಅಸ್ಸೀರಿಯಾದ ರಾಜ ಸನ್ಹೇರೀಬ ಎಲ್ಲ ಜನಾಂಗಗಳನ್ನೂ ಕಲಸಿಬಿಟ್ಟ, ಹಳೆಯ ಅಮ್ಮೋನಿಯರು ಈಗ ಎಲ್ಲಿದ್ದಾರೆ ಎಂದರು. ಕೊನೆಗೆ ಅವನನ್ನು ಸೇರಿಸಿಕೊಂಡರು.

ಗ್ರಂಥದ ಒಂದಕ್ಷರವನ್ನೂ ಅಳಿಸಲಿಲ್ಲ ನೋಡಿ. ಅದು ಯಾರಿಗೆ ಅನ್ವಯಿಸಬೇಕೋ ಅವರೇ ಈಗಿಲ್ಲ ಎಂದರು. 12ನೇ ಶತಮಾನದಲ್ಲಿ ಯಹೂದಿ ಧರ್ಮಶಾಸ್ತ್ರಜ್ಞ ಮೈಮೋನಿಡೀಸ್ ಕಾನಾನಿನ ಏಳು ಜನಾಂಗಗಳ ಬಗ್ಗೆಯೂ ಹೀಗೇ ಬರೆದರು: ಅವರ ನೆನಪೂ ಅಳಿದುಹೋಗಿದೆ. ಮೊದಲು ಶಾಂತಿಗೆ ಕರೆಯದೆ ಯಾರ ಮೇಲೂ ಯುದ್ಧ ಹೂಡಬಾರದು ಎಂದರು. ಊರನ್ನು ಮೂರು ಕಡೆಯಿಂದ ಮಾತ್ರ ಮುತ್ತಬೇಕು, ಓಡುವವರಿಗೆ ನಾಲ್ಕನೆಯ ಕಡೆ ಬಿಡಬೇಕು ಎಂದೂ ವಿಧಿಸಿದರು. ರಾಜ್ಯವಿಲ್ಲದ, ಸೈನ್ಯವಿಲ್ಲದ ಜನ ಇಷ್ಟೆಲ್ಲ ಯೋಚಿಸಿಟ್ಟರಲ್ಲ, ಅದಕ್ಕೇ ನಾನು ಮತ್ತೆ ಮತ್ತೆ ಆ ಪುಟಗಳಿಗೆ ಹೋಗುತ್ತೇನೆ. ರಬ್ಬಿಗಳ ಮಾತನ್ನು ಇವತ್ತು ಯಾರು ಕೇಳುತ್ತಾರೆ ಎನ್ನುವವರು ಅವರನ್ನು ಓದಿಯೇ ಇಲ್ಲ.

ವಿರೋಧ

ನನಗೆ ವಿರೋಧದ ಬದಿ ಕೊಟ್ಟಿದ್ದಾರೆ. ರಬ್ಬಿ ಯೆಹೋಶುವರ ಮೇಲೆ ನನಗೂ ಗೌರವವಿದೆ. ಆದರೆ ಏಳು ಜನಾಂಗಗಳ ನೆನಪು ಅಳಿದಿದೆ ಎಂದ ಮೈಮೋನಿಡೀಸ್, ಅಲ್ಲೇ ಮುಂದೆ ಬರುವ ಅಮಾಲೇಕ್ಯರ ಬಗ್ಗೆ ಹಾಗೆ ಬರೆಯಲಿಲ್ಲ. ಇಸ್ರೇಲ್ಯರ ಮೇಲೆ ಬಿದ್ದ ಈ ಶತ್ರುಗಳನ್ನೂ ಅಳಿಸಿಹಾಕಿ ಎಂದು ಬೈಬಲ್ ಹೇಳುತ್ತದೆ. ಅಮಾಲೇಕ್ ಮಾಡಿದ್ದನ್ನು ನೆನಪಿಡು ಎಂಬ ಭಾಗವನ್ನು ಪೂರಿಮ್ ಹಬ್ಬದ ಹಿಂದಿನ ಸಬ್ಬತ್ತಿನಂದು, ಅಂದರೆ ವಾರದ ವಿಶ್ರಾಂತಿಯ ಶನಿವಾರದಂದು, ಯಹೂದಿ ಪ್ರಾರ್ಥನಾಲಯಗಳಾದ ಸಿನಗಾಗ್‌ಗಳಲ್ಲಿ ಈಗಲೂ ಗಟ್ಟಿಯಾಗಿ ಓದುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಇಸ್ರೇಲಿನ ಭೂಸೇನೆ ಗಾಜಾಕ್ಕೆ ನುಗ್ಗಿದಾಗ ಪ್ರಧಾನಿ ನೆತನ್ಯಾಹು ಎತ್ತಿದ್ದು ಆ ಹೆಸರನ್ನೇ. ಅಸ್ಸೀರಿಯಾದ ರಾಜನ ಕಥೆ ಹೇಳಿದರೆ ಟ್ಯಾಂಕು ನಿಲ್ಲುತ್ತಾ?

ನನ್ನ ಚಿಕ್ಕಪ್ಪ ಸೈನ್ಯದಲ್ಲಿದ್ದರು. ರಜೆಗೆ ಬಂದಾಗ ಜಗಲಿಯಲ್ಲಿ ಕೂತು ಹೇಳುತ್ತಿದ್ದರು. ಯುದ್ಧದ ನಿಯಮಗಳ ಪಾಠವೂ ಇರುತ್ತಿತ್ತಂತೆ. "ಗುಂಡು ಹಾರೋವಾಗ ಅದ್ಯಾವುದೂ ತಲೆಗೆ ಬರಲ್ಲ ಕಣೋ, ಪಕ್ಕದ ಹುಡುಗ ಬದುಕಿದ್ದಾನಾ ಅಂತ ಅಷ್ಟೇ ನೋಡ್ತೀವಿ" ಎನ್ನುತ್ತಿದ್ದರು. ದೇವರಿಗೆ ದೀಪ ಹಚ್ಚದೆ ಊಟಕ್ಕೆ ಕೂತವರಲ್ಲ ಅವರು. ವ್ಯಾಖ್ಯಾನ ಬೇಡ ಎಂದು ನಾನು ಹೇಳಲಾರೆ. ತಡೆಯುತ್ತದಾ ಎಂದು ಕೇಳಿದರೆ ಮಾತ್ರ ಚಿಕ್ಕಪ್ಪನ ಮಾತೇ ಜಾಸ್ತಿ ನಿಜ ಅನ್ನಿಸುತ್ತದೆ.