ಮಣ್ಣಿಗೆ ಬಿದ್ದರೆ ಮುಗಿಯೋದಿಲ್ಲ

ಈಗಷ್ಟೇ ಹಳ್ಳದ ಕಡೆಯಿಂದ ಬಂದು ಕೂತಿದ್ದೇನೆ. ಸಿಟ್ಟಿಗೆ ಕೈ ಇನ್ನೂ ನಡುಗುತ್ತಿದೆ.

ನಮ್ಮ ತೋಟದ ಕೆಳಗಿನ ಹಳ್ಳವನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ರಜೆಗೆ ಬಂದಾಗ ನಿಮ್ಮ ಮಕ್ಕಳು ಏಡಿ ಹಿಡಿದ ಜಾಗ. ಅಲ್ಲೇ, ಬಟ್ಟೆ ಒಗೆಯೋ ಕಲ್ಲಿನ ಪಕ್ಕ, ಮೇಲಿನ ತೋಟಕ್ಕೆ ಹುಲ್ಲು ಸಾಯಿಸೋ ಔಷಧಿ ಹೊಡೆಯೋಕೆ ಬಂದ ಹುಡುಗ ಔಷಧಿಯ ಕ್ಯಾನ್ ತೊಳೆಯುತ್ತಿದ್ದ. 16 ಲೀಟರಿನ ಕ್ಯಾನ್. ತಳದಲ್ಲಿ ಉಳಿದಿದ್ದ ಆ ಔಷಧಿಯನ್ನು, ಅಂದರೆ ಗ್ಲೈಫೊಸೇಟನ್ನು, ನೀರಿಗೆ ಸುರಿದ, ನೀರು ತುಂಬಿ ಕುಲುಕಿದ, ಮತ್ತೆ ಸುರಿದ. ಬಿಳಿ ನೊರೆ ಕಲ್ಲನ್ನು ಒಂದು ಸುತ್ತು ಹಾಕಿ ಕೆಳಗೆ ಹೋಯಿತು. ಕೇಳಿದರೆ, "ಏನೂ ಆಗಲ್ಲ ಅಕ್ಕಾ, ಮಣ್ಣಿಗೆ ಬಿದ್ರೆ ಮುಗೀತು. ಅಂಗಡಿಯವರೇ ಹೇಳಿದಾರೆ" ಅಂದ.

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಮಣ್ಣಿಗೆ ಬಿದ್ರೆ ಏನು ಮುಗೀತು? ಹುಲ್ಲು ಸಾಯಿಸೋ ಶಕ್ತಿ ಮುಗೀತು, ಅಷ್ಟೇ. ಗ್ಲೈಫೊಸೇಟ್ ಮಣ್ಣಿನ ಕಣಕ್ಕೆ, ಅದರಲ್ಲೂ ಕೆಂಪು ಮಣ್ಣಿನಲ್ಲಿರೋ ಕಬ್ಬಿಣದ ಅಂಶಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಕೆಸರು ನೀರಲ್ಲಿ ಔಷಧಿ ಕಲಸಿದರೆ ಹುಲ್ಲು ಸಾಯಲ್ಲ ಅಂತ ಹೇಳೋದು ಅದಕ್ಕೇ. ಆದರೆ ಅಂಟಿಕೊಳ್ಳೋದು ಬೇರೆ, ಕೊಳೆತು ಇಲ್ಲವಾಗೋದು ಬೇರೆ ಅಲ್ವಾ? ಪ್ಯಾರಾಕ್ವಾಟ್ ಅನ್ನೋ ಇನ್ನೊಂದು ಹುಲ್ಲಿನ ಔಷಧಿ ಜೇಡಿಮಣ್ಣಿಗೆ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಅಂದರೆ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಬೇರಿಗೆ ಸಿಗಲ್ಲ ಅನ್ನೋದು ನಿಜ. ಆದರೆ ಮಣ್ಣಲ್ಲಿ ಇದ್ದೇ ಇದೆ.

ಗ್ಲೈಫೊಸೇಟನ್ನು ನಿಜವಾಗಿ ಒಡೆದು ತಿನ್ನೋದು ಮಣ್ಣಿನ ಸೂಕ್ಷ್ಮಜೀವಿಗಳು. ಅವಕ್ಕೆ ಕಾವು, ಪಸೆ, ಗಾಳಿ ಎಲ್ಲ ಹದವಾಗಿ ಸಿಗಬೇಕು. ಒಂದು ಜಾಗದಲ್ಲಿ ಕೆಲವೇ ದಿನಕ್ಕೆ ಅರ್ಧ ಕರಗಿದರೆ ಇನ್ನೊಂದು ಕಡೆ ತಿಂಗಳುಗಟ್ಟಲೆ ಬೇಕು. ಸಾಮಾನ್ಯವಾಗಿ ಹಿಡಿಯೋ ಲೆಕ್ಕ 47 ದಿನ. ಅದೂ ಅರ್ಧಕ್ಕೆ! ಇನ್ನೊಂದು 47 ದಿನಕ್ಕೆ ಉಳಿದದ್ದರಲ್ಲಿ ಅರ್ಧ. ಅಷ್ಟರಲ್ಲಿ ಮುಂದಿನ ಸಲದ ಔಷಧಿ ಹೊಡೆಯೋ ದಿನ ಬಂದಿರುತ್ತದೆ. ಒಡೆದ ಮೇಲೂ ಆಂಪಾ ಅನ್ನೋ ಒಂದು ತುಂಡು ಉಳಿಯುತ್ತದೆ. ಅದು ಕರಗೋಕೆ ಇನ್ನೂ ಜಾಸ್ತಿ ದಿನ ಬೇಕು.

ನಮ್ಮ ಮಳೆ ಅಷ್ಟು ದಿನ ಕಾಯುತ್ತಾ? ಜೂನಿನಲ್ಲಿ ಹಳ್ಳ ಕೆಂಪಗೆ ಹರಿಯೋದು ನೋಡಿದ್ದೀರಲ್ಲ, ಅದು ತೋಟದ ಮಣ್ಣೇ. ಮಣ್ಣಿಗೆ ಅಂಟಿದ್ದು ಮಣ್ಣಿನ ಜೊತೆಗೇ ಹೊರಡುತ್ತದೆ. ಹೋಗಿ ಮಡುವಿನ ತಳದ ಗಸಿಯಲ್ಲಿ ಕೂರುತ್ತದೆ. ಇನ್ನು ಆ ಬಿಳಿ ನೊರೆ. ಅದು ಔಷಧಿ ಎಲೆಗೆ ಹಿಡಿಯಲಿ ಅಂತ ಸೇರಿಸೋ ಸೋಪಿನಂಥ ವಸ್ತುವಿನದು. ಅವುಗಳಲ್ಲಿ ಕೆಲವು ಮೀನಿಗೆ, ಗೊದಮೊಟ್ಟೆಗೆ ಗ್ಲೈಫೊಸೇಟಿಗಿಂತ ಜಾಸ್ತಿ ವಿಷ.

ಈಗ ನೀವು ಹೇಳೋದು ನನಗೆ ಗೊತ್ತು. ಆಳು ಸಿಗಲ್ಲ, ಸಿಕ್ಕರೂ ಕೂಲಿ ಗಿಟ್ಟಲ್ಲ, ಔಷಧಿ ಬಿಟ್ಟರೆ ಗತಿಯಿಲ್ಲ. ಒಪ್ಪಿದೆ, ನನ್ನ ತೋಟಕ್ಕೂ ಆಳು ಸಿಗಲ್ಲ. ಆದರೆ ಕ್ಯಾನನ್ನು ಹಳ್ಳದಲ್ಲೇ ತೊಳೆಯೋಕೆ ಅದು ಕಾರಣ ಆಗಲ್ಲ. "ಅಷ್ಟು ನೀರಲ್ಲಿ ಇಷ್ಟು ಏನು ಮಹಾ" ಅಂತೀರಾ? ತೆಳ್ಳಗಾಗೋದೂ ಇಲ್ಲವಾಗೋದೂ ಒಂದೇ ಅಲ್ಲ. ಈ ಹಳ್ಳ ತುಂಗೆಗೆ ಸೇರುತ್ತದೆ, ಶಿವಮೊಗ್ಗದವರು ಕುಡಿಯೋದು ಅದೇ ತುಂಗೆಯ ನೀರು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಗ್ಲೈಫೊಸೇಟನ್ನು ಪೆಸ್ಟ್ ಕಂಟ್ರೋಲ್ ಆಪರೇಟರುಗಳೇ, ಅಂದರೆ ಔಷಧಿ ಹೊಡೆಯೋಕೆ ಲೈಸೆನ್ಸ್ ಇರೋರೇ, ಹೊಡೆಯಬೇಕು ಅಂದಿತ್ತು. ನಮ್ಮೂರಲ್ಲಿ ಅಂಥವರನ್ನು ನಾನಂತೂ ನೋಡಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ನಾನೂ ನಾಲ್ಕು ವರ್ಷ ಹೊಡೆಸಿದ್ದೇನೆ, ಬಸಿಗಾಲುವೆಯ ಅಂಚಿನ ತನಕ. "ಹುಲ್ಲು ಸಾಯಿಸಿದ ಮೇಲೆ ಅದು ಎಲ್ಲಿಗೆ ಹೋಗತ್ತೆ ಮಗಾ?" ಅಂತ ಅಮ್ಮ ಕೇಳಿದ್ದಳು. ಮಣ್ಣಿಗೆ ಬಿದ್ರೆ ಮುಗೀತಮ್ಮ ಅಂದಿದ್ದೆ. ಅಮ್ಮ ಈಗ ಇಲ್ಲ. ಇವತ್ತು ಅದೇ ಮಾತು ಆ ಹುಡುಗನ ಬಾಯಲ್ಲಿ ಬಂದಾಗ ಎದೆಗೆ ಚುಚ್ಚಿದ ಹಾಗಾಯಿತು.

ಹುಡುಗನಿಗೆ ಬೈದೆ, ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. ಕ್ಯಾನನ್ನು ತೋಟದಲ್ಲೇ ಮೂರು ಸಲ ಗಲಬರಿಸು, ಆ ನೀರನ್ನು ಈಗಷ್ಟೇ ಹೊಡೆದ ಹುಲ್ಲಿನ ಮೇಲೇ ಹೊಡಿ, ಹಳ್ಳದ ಹತ್ತಿರ ತರಬೇಡ. "ತೋಟದಲ್ಲಿ ನೀರೆಲ್ಲಿದೆ ಅಕ್ಕಾ?" ಅಂದ. ಅದೂ ನಿಜವೇ. ನಾಳೆ ಬೆಳಿಗ್ಗೆ ಅವನು ಬರೋ ಮೊದಲೇ ಎರಡು ಕೊಡ ನೀರು ಮೇಲೆ ಹೊತ್ತುಕೊಂಡು ಹೋಗಿ ಇಡಬೇಕು.