ದೊಡ್ಡಪ್ಪನ ತಂಗಡಿ ಕಷಾಯ ಮತ್ತು ನಮ್ಮ ಪ್ರಯೋಗಶಾಲೆ

ಮದ್ದೂರಿನ ಕಡೆಯ ನಮ್ಮ ಹಳ್ಳಿಯಲ್ಲಿರುವ ದೊಡ್ಡಪ್ಪ ಕಳೆದ ವರ್ಷ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು, ಮೂರು ತಿಂಗಳು ಬರೀ ತಂಗಡಿ ಹೂವಿನ ಕಷಾಯ ಕುಡಿದರು. ಹೆಬ್ಬೆರಳಿನ ಗಾಯ ಮಾಯದೆ ಮೈಸೂರಿಗೆ ಕರೆತಂದಾಗ, "ಲ್ಯಾಬಿನಲ್ಲೇ ಪರೀಕ್ಷೆ ಮಾಡಿ ಹೇಳವ್ರಂತಲ್ಲ ಮಗ" ಎಂದರು. ವಿದ್ಯಾರ್ಥಿಗಳಿಂದ ಇಂಥದೇ ಪರೀಕ್ಷೆಗಳನ್ನು ಮಾಡಿಸುವ ನನಗೆ ಆ ಮಾತು ಇಂದಿಗೂ ಚುಚ್ಚುತ್ತದೆ.

ಆ ಪರೀಕ್ಷೆಗಳು ಏನೆಂದು ಹೇಳಬೇಕು. ಒಂದು, ಆ್ಯಂಟಿಆಕ್ಸಿಡೆಂಟ್ (ಉತ್ಕರ್ಷಣ ನಿರೋಧಕ) ಗುಣದ ಪರೀಕ್ಷೆ: ಡಿಪಿಪಿಎಚ್ ಎಂಬ ರಾಸಾಯನಿಕದ ಕಡುನೇರಳೆ ದ್ರಾವಣಕ್ಕೆ ಸಸ್ಯದ ಸಾರವನ್ನು ಹಾಕಿದಾಗ ಬಣ್ಣ ಮೆಲ್ಲಗೆ ಇಳಿದು ಹಳದಿಯಾಗುತ್ತದೆ. ಎಷ್ಟು ಇಳಿಯಿತೆಂದು 517 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆಯುತ್ತೇವೆ. ನೋಡಲು ಚೆಂದದ ಪರೀಕ್ಷೆ. ಆದರೆ ನಾವು ದಿನಾ ಕುಡಿಯುವ ಟೀ, ಕಾಫಿಯೂ ಆ ಬಣ್ಣವನ್ನು ಇಳಿಸುತ್ತವೆ. ಇನ್ನೊಂದರಲ್ಲಿ, ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಆಲ್ಫಾ ಅಮೈಲೇಸ್ ಕಿಣ್ವವನ್ನು ಸಾರವು ಎಷ್ಟು ತಡೆಯುತ್ತದೆಂದು ನೋಡಿ, ಅಕಾರ್ಬೋಸ್ ಎಂಬ ಮಧುಮೇಹದ ಔಷಧಿಯ ಜೊತೆ ಹೋಲಿಸುತ್ತೇವೆ. ತಂಗಡಿಯ ವಿಷಯದಲ್ಲಿ ಎಚ್ಚರ ತಪ್ಪುವುದು ಇಲ್ಲಿಯೇ. ಇದರ ತೊಗಟೆಯನ್ನು ಚರ್ಮ ಹದ ಮಾಡಲು ಬಳಸುತ್ತಿದ್ದರು, ಏಕೆಂದರೆ ಅದರಲ್ಲಿರುವ ಟ್ಯಾನಿನ್, ಅಂದರೆ ಒಗರಿನ ಅಂಶ, ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಕಿಣ್ವವೂ ಪ್ರೋಟೀನೇ. ಹಾಗಾಗಿ ಒಗರಿರುವ ಯಾವ ಸಾರವೇ ಆದರೂ ನಳಿಕೆಯಲ್ಲಿ ಕಿಣ್ವವನ್ನು ಕಟ್ಟಿಹಾಕಿ ಒಳ್ಳೆಯ ಅಂಕಿ ಕೊಡಬಹುದು; ಮಧುಮೇಹಕ್ಕೂ ಅದಕ್ಕೂ ಸಂಬಂಧವೇ ಇಲ್ಲದಿರಬಹುದು. ಟ್ಯಾನಿನ್ ತೆಗೆದು ಮತ್ತೊಮ್ಮೆ ಪರೀಕ್ಷಿಸದೆ ಬರೆದ ಫಲಿತಾಂಶವನ್ನು ನಾನು ಒಪ್ಪುವುದಿಲ್ಲ.

ಸಾರ ತೆಗೆಯುವ ಕ್ರಮವೂ ಬೇರೆ. ನಾವು ಹೂವಿನ ಪುಡಿಯನ್ನು ಸಾಕ್ಸ್‌ಲೆಟ್ ಎಂಬ ಸಾರ ತೆಗೆಯುವ ಉಪಕರಣದಲ್ಲಿಟ್ಟು ಮೆಥನಾಲ್ ಎಂಬ ದ್ರಾವಕದಿಂದ ಸಾರ ಇಳಿಸುತ್ತೇವೆ, ದೊಡ್ಡಮ್ಮ ನೀರಿನಲ್ಲಿ ಕುದಿಸಿ ಸೋಸುತ್ತಾರೆ. ಎರಡರಲ್ಲೂ ಇಳಿಯುವ ಅಂಶಗಳು ಒಂದೇ ಅಲ್ಲ.

ಗಿಡದ ಗುರುತು ಇನ್ನೂ ಮುಖ್ಯ. ಹೊಲದ ಬದುವಿನಲ್ಲಿ ಬೆಳೆಯುವ ತಂಗಡಿ ಪೊದೆಯೇ ಬೇರೆ, ರಸ್ತೆಬದಿಯ ಸೀಮೆ ತಂಗಡಿ ಮರವೇ ಬೇರೆ. ಹೂವು ಮಾತ್ರ ಎರಡರದೂ ಹಳದಿ. ಥಾಯ್ಲೆಂಡಿನಲ್ಲಿ ಸೀಮೆ ತಂಗಡಿಯ ಮಾತ್ರೆ ನುಂಗಿದವರ ಯಕೃತ್ತಿಗೆ ಹಾನಿಯಾದದ್ದು ದಾಖಲಾಗಿದೆ. ಗಿಡದ ಒಣ ಮಾದರಿಯನ್ನು ಸಸ್ಯಾಗಾರದಲ್ಲಿ (ಗುರುತಿಗಾಗಿ ಒಣ ಗಿಡಗಳನ್ನು ಕಾಪಿಡುವ ಸಂಗ್ರಹದಲ್ಲಿ) ಇಡದೆ ಮಾಡಿದ ಕೆಲಸವನ್ನು ಯಾವ ಗಿಡದ್ದೆಂದು ನಂಬುವುದು?

ನಾಟಿ ಮದ್ದನ್ನು ಹೀಗಳೆಯಲು ಇದನ್ನು ಬರೆಯುತ್ತಿಲ್ಲ. ಇಂದು ಕೋಟ್ಯಂತರ ಜನ ನುಂಗುವ ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ನಿನ ಮೂಲ ಜಾಡು ಯುರೋಪಿನ ಗೋಟ್ಸ್ ರೂ ಎಂಬ ಗಿಡದಲ್ಲಿದೆ. ಆ ಗಿಡದಲ್ಲಿನ ಗ್ಯಾಲೆಜಿನ್ ಎಂಬ ಅಂಶ ಸಕ್ಕರೆ ಇಳಿಸುತ್ತಿತ್ತು, ಆದರೆ ವಿಷಕಾರಿಯಾಗಿತ್ತು. ಅದರ ಬಂಧುವಾದ ಮೆಟ್‌ಫಾರ್ಮಿನ್ 1922ರಲ್ಲಿ ತಯಾರಾದರೂ, ರೋಗಿಗಳ ಮೇಲಿನ ಪ್ರಯೋಗ ಫ್ರಾನ್ಸಿನಲ್ಲಿ ಪ್ರಕಟವಾದದ್ದು 1957ರಲ್ಲಿ. ನಡುವೆ ಮೂವತ್ತೈದು ವರ್ಷ! ನಮ್ಮ ಪ್ರಬಂಧಗಳಾದರೋ ನಳಿಕೆಯಿಂದ ಒಂದೇ ನೆಗೆತಕ್ಕೆ "ಮಧುಮೇಹದ ಚಿಕಿತ್ಸೆಗೆ ಬಳಸಬಹುದು" ಎಂಬ ಸಾಲಿಗೆ ಬಂದುಬಿಡುತ್ತವೆ. ನನ್ನ ವಿದ್ಯಾರ್ಥಿಗಳ ಪ್ರಬಂಧದಲ್ಲೂ ಆ ಸಾಲು ಇತ್ತು. ಅದಕ್ಕೆ ಸಹಿ ಹಾಕಿದವನು ನಾನೇ.

ದೊಡ್ಡಪ್ಪ ಈಗ ಮಾತ್ರೆಗೆ ಮರಳಿದ್ದಾರೆ, ಗಾಯ ಮಾಯ್ದಿದೆ. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆಯನ್ನು ಮೂರು ತಿಂಗಳಿಗೊಮ್ಮೆ ಮಾಡಿಸುತ್ತೇವೆ. ಮೊನ್ನೆ ಅವರೇ ಬದುವಿನಿಂದ ಬಿಡಿಸಿದ ಒಂದು ಚೀಲ ಹೂವನ್ನು ರೆಂಬೆ, ಕಾಯಿ ಸಮೇತ ಕಳಿಸಿದ್ದಾರೆ. ನೆರಳಿನಲ್ಲಿ ಒಣಗಲು ಹರಡಿದ್ದೇವೆ. ಈ ಸಲ ದೊಡ್ಡಮ್ಮನ ಅಳತೆಯಲ್ಲೇ ನೀರಿನಲ್ಲಿ ಕುದಿಸಿ, ಟ್ಯಾನಿನ್ ಇರುವಾಗೊಮ್ಮೆ, ತೆಗೆದ ಮೇಲೊಮ್ಮೆ ಪರೀಕ್ಷಿಸುತ್ತೇವೆ. ಬಂದ ಅಂಕಿಯನ್ನು ಮೊದಲು ಅವರಿಗೇ ಹೇಳುವುದಾಗಿ ಮಾತು ಕೊಟ್ಟಿದ್ದೇನೆ.