ಅವನು ಸುಳ್ಳೇ ಹೇಳಲ್ಲವಂತೆ!

ನಿನ್ನೆ ರಾತ್ರಿ ಹನ್ನೊಂದಕ್ಕೆ ಮಲಗಬೇಕಿದ್ದವನು ಎರಡು ಗಂಟೆವರೆಗೂ ಫೋನ್ ಹಿಡಿದು ಕೂತಿದ್ದೆ. ಕಾರಣ, ನರಿಯೂ ಅಲ್ಲದ ತೋಳವೂ ಅಲ್ಲದ ಒಂದು ಪ್ರಾಣಿ. ಕಯೋಟಿ.

ನನ್ನ ಗನ್ನರ್‌ಕ್ರಿಗ್ ಕೋರ್ಟ್ ಹುಚ್ಚು ನಿಮಗೆಲ್ಲ ಗೊತ್ತೇ ಇದೆ, ಅದರ ಬಗ್ಗೆ ಕೊರೆದು ಕೊರೆದು ನಿಮ್ಮ ತಲೆ ಸಾಕಷ್ಟು ತಿಂದಿದ್ದೇನೆ. ಹೊಸಬರಿಗೆ ಎರಡು ಮಾತು. ಟಾಮ್ ಸಿಡೆಲ್ ಅನ್ನುವವರು 2005ರಲ್ಲಿ ಶುರು ಮಾಡಿದ ವೆಬ್‌ಕಾಮಿಕ್ ಇದು. ಅಂದರೆ ಇಂಟರ್ನೆಟ್ಟಿನಲ್ಲಿ ಬರುವ ಚಿತ್ರಕಥೆ. ಈ ಕಡೆ ಕೋರ್ಟ್ ಅನ್ನುವ ವಿಚಿತ್ರ ಶಾಲೆ, ಆ ಕಡೆ ಗಿಲಿಟಿ ಕಾಡು, ಮಧ್ಯೆ ನದಿ. ಕಾಡಿನ ದೊಡ್ಡ ದೇವರು ಕಯೋಟಿ. ನಗುತ್ತಲೇ ಇರುತ್ತಾನೆ, ಎಲ್ಲರನ್ನೂ ಆಟ ಆಡಿಸುತ್ತಾನೆ, ಜೊತೆಗೆ "ನಾನು ಸುಳ್ಳು ಹೇಳುವುದೇ ಇಲ್ಲ" ಅಂತಾನೆ.

ಹಿಡಿದುಕೊಂಡರು ನೋಡಿ ಅಭಿಮಾನಿಗಳು ಆ ಒಂದು ಮಾತನ್ನು! ನಮ್ಮ ಗುಂಪಿನಲ್ಲಿ ನಿನ್ನೆ ಒಬ್ಬರಾದ ಮೇಲೆ ಒಬ್ಬರು ಇದನ್ನೇ ಜಪ ಮಾಡಿದರು. ನನ್ನ ಅಕ್ಕನ ಮಗಳಂತೂ ವಕೀಲಳ ಹಾಗೆ ನಿಂತಳು. "ಮಾಮ, ಅವನು ಸುಳ್ಳು ಹೇಳಿದ ಒಂದೇ ಒಂದು ಪುಟ ತೋರಿಸು. ಒಂದೇ ಸಾಕು."

ತೋರಿಸಲಿಲ್ಲ. ತೋರಿಸುವ ಗೋಜಿಗೂ ಹೋಗಲಿಲ್ಲ. ಸುಳ್ಳು ಹೇಳದಿದ್ದ ಮಾತ್ರಕ್ಕೆ ಸಾಚಾ ಆಗಿಬಿಡುತ್ತಾರಾ?

ರೇನಾರ್ಡೀನ್ ಕಥೆ ತಗೊಳ್ಳಿ. ಪಾಪ, ಸರ್ಮಾ ಅನ್ನುವ ಹೆಣ್ಣನ್ನು ಪ್ರೀತಿಸಿದ ನರಿ. ಬೇರೆಯವರ ಮೈ ಹೊಕ್ಕುವ ಶಕ್ತಿ ಬೇಕು ಅಂದ, ಕಯೋಟಿ ಕೊಟ್ಟ. ಎಷ್ಟು ಉದಾರಿ ಅಲ್ವಾ! ರೇನಾರ್ಡೀನ್ ಒಬ್ಬ ಯುವಕನ ಮೈ ಹೊಕ್ಕ, ಆ ಯುವಕ ಸತ್ತ, ರೇನಾರ್ಡೀನ್ ಕೋರ್ಟಿನ ಸೆರೆಯಾಳಾದ. ಇದರಲ್ಲಿ ಕಯೋಟಿಯ ಸುಳ್ಳು ಎಲ್ಲಿದೆ ಹುಡುಕಿ. ಸಿಗಲ್ಲ. ಕೇಳಿದ್ದನ್ನು ಕೊಟ್ಟಿದ್ದಾನೆ. ನನಗೆ ಇದರಲ್ಲಿ ಇಷ್ಟವಾಗುವ ಸೂಕ್ಷ್ಮ ಒಂದಿದೆ. ಯುರೋಪಿನ ಹಳೇ ಕಥೆಗಳಲ್ಲಿ ರೆನಾರ್ಡ್ ನರಿ ಅಂದರೆ ಮಹಾ ಕಿಲಾಡಿ, ಇಸೆಂಗ್ರಿಮ್ ತೋಳವನ್ನು ಮತ್ತೆ ಮತ್ತೆ ಬೇಸ್ತು ಬೀಳಿಸುವವನು. ಸಿಡೆಲ್ ಆ ಇಬ್ಬರನ್ನೂ ತಂದು ಕಯೋಟಿಯ ಕೈಕೆಳಗೆ ಕೂರಿಸಿದ್ದಾರೆ. ಇನ್ನೊಬ್ಬರಿಗೆ ಟೋಪಿ ಹಾಕುತ್ತಿದ್ದ ನರಿಯ ತಲೆಗೇ ಇಲ್ಲಿ ಟೋಪಿ. ಅದೂ ಒಂದೂ ಸುಳ್ಳು ಹೇಳದೆ.

ನಮಗೆ ಇದೇನು ಹೊಸತಾ? "ಅಶ್ವತ್ಥಾಮ ಸತ್ತ" ಅಂತ ಧರ್ಮರಾಯ ಗಟ್ಟಿಯಾಗಿ ಹೇಳಿ, ಆನೆಯ ವಿಷಯ ಮೆಲ್ಲಗೆ ಅಂದ. ಸತ್ತದ್ದು ಆನೆಯೇ, ಮಾತು ನಿಜವೇ. ಆದರೂ ನೆಲಕ್ಕೆ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ರಥ ದೊಪ್ಪನೆ ನೆಲಕ್ಕಿಳಿಯಿತು. ದ್ರೋಣರು ಬಿಲ್ಲು ಕೆಳಗಿಟ್ಟದ್ದು ಯಾವ ಮಾತು ಕೇಳಿ, ಯಾವ ಮಾತು ಕೇಳದೆ ಅಂತ ಯೋಚಿಸಿ. ಧರ್ಮರಾಯನಿಗೇ ಸಿಗದ ರಿಯಾಯಿತಿ ಈ ಬಾಲದ ಪ್ರಾಣಿಗೆ ಯಾಕೆ?

ವೆಬ್‌ಕಾಮಿಕ್ ಓದುವ ರೀತಿಯದ್ದೂ ಇದರಲ್ಲಿ ಸ್ವಲ್ಪ ತಪ್ಪಿದೆ. ಸೋಮವಾರ, ಬುಧವಾರ, ಶುಕ್ರವಾರ ಒಂದೊಂದೇ ಪುಟ. ಶುಕ್ರವಾರದ ಪುಟ ಕಯೋಟಿಯ ಹಲ್ಲುಗಿಂಜಿದ ಮುಖದಲ್ಲಿ ಮುಗಿಯಿತು ಅಂತಿಟ್ಟುಕೊಳ್ಳಿ. ಓದಲು ಅರ್ಧ ನಿಮಿಷ, ಸೋಮವಾರದವರೆಗೆ ಮಾಡಲು ಬೇರೆ ಕೆಲಸವಿಲ್ಲ. ಆ ಹಲ್ಲುಗಳ ಸಂದಿಯಲ್ಲಿ ಒಬ್ಬರಿಗೆ ಕರುಣೆ ಕಾಣುತ್ತದೆ, ಇನ್ನೊಬ್ಬರಿಗೆ ನೂರು ವರ್ಷದ ಯೋಜನೆ ಕಾಣುತ್ತದೆ. ಕೊನೆಗೆ ಇಸೆಂಗ್ರಿನ್ (ಆ ತೋಳಕ್ಕೆ ಕಾಮಿಕ್ಕಿನಲ್ಲಿ ಇದೇ ಹೆಸರು) ಕಯೋಟಿಯನ್ನೇ ನುಂಗಿ, ಇಬ್ಬರೂ ಸೇರಿ ಲೂ ಅನ್ನುವ ಹೊಸ ಜೀವವಾಯಿತಲ್ಲ, ಅದಾದ ಮೇಲೂ "ಎಲ್ಲರ ಒಳ್ಳೆಯದಕ್ಕೇ ಮಾಡಿದ" ಅನ್ನುವವರಿದ್ದಾರೆ ಮಾರಾಯ್ರೇ! ಮಳೆ ಬಂದರೂ ಅವನ ಪ್ಲಾನು, ಬಿಸಿಲು ಬಂದರೂ ಅವನ ಪ್ಲಾನು.

ಸರಿ, ಆ ಕಡೆಯವರ ಮಾತೂ ಹೇಳಿಬಿಡುತ್ತೇನೆ, ಆಮೇಲೆ ಏಕಪಕ್ಷೀಯ ಅಂತ ಬೈಬೇಡಿ. ಕಯೋಟಿ ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಗಳಿಂದ ಬಂದವನು. ಅಲ್ಲಿ ಅವನು ಸೃಷ್ಟಿಯಲ್ಲೂ ಕೈ ಹಾಕುತ್ತಾನೆ, ಪೆದ್ದುತನವನ್ನೂ ಮಾಡುತ್ತಾನೆ. ನವಾಹೋ ಜನರ ಕಥೆಯೊಂದರಲ್ಲಿ ನಕ್ಷತ್ರಗಳನ್ನು ಒಂದೊಂದಾಗಿ ಜೋಡಿಸುತ್ತಿರುವಾಗ ಇವನು ಬಂದು ಉಳಿದವನ್ನೆಲ್ಲ ಆಕಾಶಕ್ಕೆ ಎರಚಿಬಿಡುತ್ತಾನೆ. ಅಂಥವನನ್ನು ನಮ್ಮ ಒಳ್ಳೆಯದು ಕೆಟ್ಟದ್ದರ ತಕ್ಕಡಿಯಲ್ಲಿ ತೂಗಬಾರದು ಅನ್ನುತ್ತಾರೆ. ಒಪ್ಪಿದೆ. ಹಾಗಾದರೆ ಪ್ರಾಮಾಣಿಕ ಅನ್ನುವ ಸರ್ಟಿಫಿಕೇಟನ್ನೂ ಕೊಡಬೇಡಿ ತಾನೇ? ತಕ್ಕಡಿಯೇ ಬೇಡ ಅಂದಮೇಲೆ ಒಂದು ತಟ್ಟೆಯನ್ನು ಮಾತ್ರ ಇಟ್ಟುಕೊಳ್ಳುವುದು ಯಾವ ನ್ಯಾಯ? "ಕೋರ್ಟಿನವರು ಮಾತ್ರ ಸಾಚಾನಾ, ಸರ್ಮಾಳನ್ನು ಬಳಸಿ ರೇನಾರ್ಡೀನನನ್ನು ಬಲೆಗೆ ಕೆಡವಿದವರು ಅವರೇ" ಅಂತ ಇನ್ನೊಬ್ಬರು ಬಂದರು. ಪಕ್ಕದವನ ಅಂಗಿ ಕೊಳಕಾಗಿದ್ದರೆ ನಿನ್ನದು ಒಗೆದಂತಾಯ್ತಾ, ಹೋಗಪ್ಪ.

ಇಷ್ಟು ಉರಿ ಯಾಕೆ ಇವನಿಗೆ ಅಂತ ಕೇಳುತ್ತೀರಿ. ಹೇಳುತ್ತೇನೆ.

ನಾನು ಪಿಯುಸಿಯಲ್ಲಿದ್ದಾಗ ಗಣಿತದಲ್ಲಿ ಫೇಲಾದೆ. ನೋಟಿಸ್ ಬೋರ್ಡ್ ನೋಡಿ ಬಂದ ಗೆಳೆಯ ಸಂಜೆಯೇ ಹೇಳಿದ್ದ. ರಾತ್ರಿ ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ "ರಿಸಲ್ಟ್ ನೋಡ್ಕೊಂಡು ಬಂದ್ಯಾ?" ಅಂದರು. "ಇಲ್ಲಪ್ಪ, ನಾನಿನ್ನೂ ಕಾಲೇಜಿನ ಕಡೆ ಹೋಗೇ ಇಲ್ಲ" ಅಂದೆ. ಒಂದಕ್ಷರ ಸುಳ್ಳಿಲ್ಲ. ಸುಳ್ಳಾಗಬಾರದು ಅಂತಲೇ ಮೂರು ದಿನ ಆ ಕಡೆ ತಲೆ ಹಾಕಲಿಲ್ಲ, ಅಷ್ಟು ಸತ್ಯವಂತ ನಾನು. ಆ ಮೂರು ದಿನದಲ್ಲಿ ಅಪ್ಪ ಪಕ್ಕದ ಮನೆಯವರಿಗೆ "ನಮ್ಮ ಹುಡುಗ ಪಾಸಾಗ್ತಾನೆ ಬಿಡಿ, ರಿಸಲ್ಟ್ ನೋಡೋದೊಂದು ಬಾಕಿ" ಅಂದದ್ದು ಕಾಂಪೌಂಡ್ ಗೋಡೆಯ ಈಚೆ ನಿಂತಿದ್ದ ನನಗೆ ಕೇಳಿಸಿತ್ತು. ಆಗಲೂ ಬಾಯಿ ಬಿಡಲಿಲ್ಲ. ಅವರೇನು ನನ್ನನ್ನು ಕೇಳಿರಲಿಲ್ಲವಲ್ಲ.

ಹಾಗಾಗಿ ಕಯೋಟಿ "ಸುಳ್ಳು ಹೇಳಲ್ಲ" ಅಂದಾಗ ನನಗೆ ದೇವರು ಕಾಣುವುದಿಲ್ಲ, ಆ ಗೋಡೆ ಕಾಣುತ್ತದೆ. ನನ್ನ ಉದ್ದೇಶ ಕೆಟ್ಟದ್ದೇನೂ ಆಗಿರಲಿಲ್ಲ ನಿಜ. ಬೈಗುಳ ಮೂರು ದಿನ ಮುಂದಕ್ಕೆ ಹೋಗಲಿ ಅಂತ ಅಷ್ಟೇ. ಆದರೆ ಸುಳ್ಳು ಹೇಳಿದ್ದರೆ ಸಿಕ್ಕಿಬಿದ್ದಾಗ ಕ್ಷಮೆಯನ್ನಾದರೂ ಕೇಳುತ್ತಿದ್ದೆ. ನಿಜ ಹೇಳಿದ್ದರಿಂದ "ನಾನೇನು ಸುಳ್ಳು ಹೇಳಿದೆ?" ಅಂತ ಅಪ್ಪನ ಎದುರಿಗೇ ಜೋರು ಮಾಡಿದೆ. ಕಯೋಟಿಯ ನಗು ಇದೆಯಲ್ಲ, ಹೆಚ್ಚು ಕಡಿಮೆ ಅದೇ ಮುಖ ಇತ್ತೇನೋ ನನ್ನದು.

ಅಂದ ಹಾಗೆ, ಕಯೋಟಿ ನನ್ನ ಅಚ್ಚುಮೆಚ್ಚಿನ ಪಾತ್ರ. ಅವನಿಲ್ಲದ ಪುಟಗಳು ಸಪ್ಪೆ. ಅವನನ್ನು ಸಂತ ಮಾಡಬೇಡಿ ಅಂತ ಬೇಡಿಕೊಳ್ಳುವುದೂ ಅದಕ್ಕೇ. ಸಂತನ ಕಥೆ ಓದಲು ರಾತ್ರಿ ಎರಡರವರೆಗೆ ಯಾರು ಎದ್ದಿರುತ್ತಾರೆ?

ಈ ಫೇಲಾದ ಪುರಾಣವನ್ನೂ ನಿನ್ನೆ ಅಲ್ಲೇ ಗುಂಪಿನಲ್ಲಿ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಕ್ಕನ ಮಗಳ ಮೆಸೇಜ್ ಬಂತು. "ಮಾಮ, ಆಮೇಲೆ ತಾತನ ಹತ್ರ ಸಾರಿ ಕೇಳಿದ್ಯಾ?"

"ನಂಗೆ ಬೆಳಿಗ್ಗೆ ಬೇಗ ಏಳಬೇಕು ಪುಟ್ಟಾ" ಅಂತ ಬರೆದು ಫೋನ್ ಮಗುಚಿಟ್ಟೆ. ಬೆಳಿಗ್ಗೆ ಬೇಗ ಏಳಬೇಕಿದ್ದದ್ದು ನಿಜವೇ.